ಹುಡೇವಿನ ಎರಡನೇ ದೀಪ

ಎರಡು ತಾಟು ಸಿರಾ ತಿಂದು, ಕೈ ತೊಳೆದುಕೊಂಡು ಹೋದವನು ಆಮೇಲೆ ಒಂದು ಮಾತೂ ಹೇಳಿ ಕಳಿಸದಿದ್ದರೆ, ಅವನ ಮುಖವನ್ನು ಯಾವ ಹುಡುಗಿ ತಾನೇ ಮರೆತಾಳು?

ಸಂಘಮಿತ್ರಾ ಮರೆತಿರಲಿಲ್ಲ. ಮೂರು ವರ್ಷದ ಹಿಂದೆ ರಾಮದುರ್ಗದ ಅವರ ಮನೆಗೆ ಹೆಣ್ಣು ನೋಡಲು ಬಂದಿದ್ದ ಕಾಂತೇಶ ಇವತ್ತು ಸವದತ್ತಿ ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿ, ಪ್ಯಾಂಟನ್ನು ಮೊಳಕಾಲಿಗೆ ಮಡಚಿಕೊಂಡು, ಹುಟ್ಟು ಹಿಡಿದು ನಿಂತಿದ್ದ. ಎಡ ಹುಬ್ಬನ್ನು ಎರಡು ಮಾಡಿದ್ದ ಅದೇ ಸಣ್ಣ ಗಾಯದ ಗೆರೆ. ಅವತ್ತು ಚಹಾ ಕೊಡುವಾಗ ತಲೆ ತಗ್ಗಿಸಿಕೊಂಡೇ ಅದೊಂದನ್ನು ನೋಡಿಟ್ಟುಕೊಂಡಿದ್ದಳು.

ಅವನೂ ಗುರುತು ಹಿಡಿದ. ಹಿಡಿದದ್ದು ಕಿವಿಯಲ್ಲಿ ಗೊತ್ತಾಯಿತು, ಎರಡೂ ಕೆಂಪಾದವು.

"ಧಾರವಾಡದಿಂದ ಬರೋ ಇಂಜಿನಿಯರ್ ಮೇಡಂ... ನೀವ ಏನ್ರಿ?"

"ಹೌದ್ರಿ. ದೋಣಿ ನಡಸೂದು ಬರತೈತಿಲ್ರಿ ನಿಮಗ? ಬರೇ ತಿನ್ನೂದು ಬಂದ್ರ ಸಾಲೂದಿಲ್ಲ."

ಕಾಂತೇಶ ಅವಳ ಬ್ಯಾಗನ್ನು ಎತ್ತಿ ದೋಣಿಯ ಒಣಗಿದ ಮೂಲೆಯಲ್ಲಿ ಇಟ್ಟ.

ಬೆಳಗಾವಿ ಜಿಲ್ಲೆಗೆ ಸಮುದ್ರವಿಲ್ಲ, ಗೊತ್ತಲ್ಲ. ಆದರೂ ಮಡ್ಡಿಹಾಳದವರಿಗೆ ಒಂದು ಲೈಟ್‌ಹೌಸು ಇದೆ. ಹಿಂದೆ ದೇಸಾಯರ ಕಾಲದಲ್ಲಿ ದಂಡು ಬಂದೀತೆಂದು ಕಾಯಲು ಕಟ್ಟಿಸಿದ ಕಲ್ಲಿನ ಗೋಪುರ ಅದು, ಊರವರ ಬಾಯಲ್ಲಿ ಹುಡೇವು. ಡ್ಯಾಮು ತುಂಬಿದಾಗ ಹಳೇ ಊರೆಲ್ಲ ನೀರೊಳಗೆ ಹೋಯಿತು, ದಿಬ್ಬದ ಮೇಲಿದ್ದ ಹುಡೇವು ಮಾತ್ರ ನಡುಗಡ್ಡೆಯಾಗಿ ಉಳಿಯಿತು. ಸಂಜೆ ತಿರುಗಿ ಬರುವ ಮೀನಿನ ದೋಣಿಗಳು ಮುಳುಗಿದ ಗೋಡೆಗಳಿಗೆ ಬಡಿಯತೊಡಗಿದಾಗ ಯಾರೋ ಪುಣ್ಯಾತ್ಮರು ಹುಡೇವಿನ ನೆತ್ತಿಯಲ್ಲಿ ಕಂದೀಲು ಇಟ್ಟರು. ಐವತ್ತು ವರ್ಷವಾಯಿತು, ಒಂದು ದಿನವೂ ಅದು ತಪ್ಪಿಲ್ಲ. ಮನೆಮನೆಗೆ ಸರದಿ. ಈ ವಾರದ ಸರದಿ ಕಾಂತೇಶನ ಮನೆಯದು.

ಈಗ ಆ ಹುಡೇವನ್ನು ರಿಪೇರಿ ಮಾಡುವ ಕೆಲಸ ಸಂಘಮಿತ್ರಾಳ ಆಫೀಸಿಗೆ ಬಂದಿತ್ತು. ಅಳತೆ ತೆಗೆದು, ಒಂದು ರಾತ್ರಿ ಅಲ್ಲೇ ಉಳಿದು, ದೀಪದ ಬೆಳಕು ಎಲ್ಲಿವರೆಗೆ ಬೀಳುತ್ತದೆ ಎಂದು ನೋಡಿ ಬರೆದುಕೊಡಬೇಕು.

ದೋಣಿಯನ್ನು ನೀರಿಗೆ ನೂಕಲು ಬಂದ ಕಾಂತೇಶನ ಕಾಕಾ ದುರ್ಗಪ್ಪ ಪದ್ಧತಿಯನ್ನು ವಿವರಿಸಿಯೇ ಬಿಟ್ಟ.

"ನೋಡ್ರಿ ಬಾಯಾರ, ಹೊತ್ತ ಮುಳಗಿದ ಮ್ಯಾಲೆ ಹುಡೇವಿನಿಂದ ಸಣ್ಣ ದೋಣಿ ಬಿಡಂಗಿಲ್ಲ. ಮ್ಯಾಲೆ ಒಂದ ದೀಪ ಕಂಡ್ರ ಎಲ್ಲಾರೂ ಆರಾಮ ಅದಾರಂತ ನಾ ಮಲಕೋತೇನಿ. ಕೆಳಗಿನ ಕಿಂಡ್ಯಾಗ ಎರಡನೇದ್ದು ಕಂಡ್ರ, ಯಾರೋ ಹೊಳ್ಳಿ ಬರಬೇಕಂತಾರಂತ ದೊಡ್ಡ ದೋಣಿ ತರತೇನಿ. ಆದ್ರ ಹೋಗಾವ್ರು ತಮ್ಮ ದೀಪ ತಾವ ಹಚ್ಚಬೇಕು. ಬಂದವ್ರನ್ನ ಹೋಗ್ರಿ ಅಂತ ನಾವು ಹಚ್ಚಂಗಿಲ್ಲ."

ನೀರು ತಣ್ಣಗಿತ್ತು. ಜನವರಿಯ ಬಿಸಿಲು ಇಳಿಯುತ್ತ, ದಂಡೆಯ ಬಿಳಿಜೋಳದ ತೆನೆಗಳ ಮೇಲೆ ಉಳಿದಿತ್ತು. ಕಾಂತೇಶ ಹುಟ್ಟು ಹಾಕುತ್ತಿದ್ದ, ಸಂಘಮಿತ್ರಾ ಬೇರೆಲ್ಲೋ ನೋಡುತ್ತಿದ್ದಳು. ಬೇರೆಲ್ಲೋ ಎಂದರೆ ನೀರಲ್ಲಿ ಬಿದ್ದಿದ್ದ ಅವನ ನೆರಳನ್ನು.

"ಏನ ಕೆಲಸ ಮಾಡತೀರಿ ಈಗ?"

"ಐಟಿಐದಾಗ ವೆಲ್ಡಿಂಗ್ ಕಲಸತೇನ್ರಿ. ಅವಾಗೂ ಅದ."

"ಅವಾಗಿಂದೆಲ್ಲಾ ನನಗ ನೆನಪಿಲ್ರಿ," ಎಂದಳು. ಎಂಥ ಸುಳ್ಳು! ಅವನು ಹಾಕಿಕೊಂಡು ಬಂದಿದ್ದ ಅಂಗಿಯ ಗುಂಡಿಯ ಬಣ್ಣ ಕೂಡ ನೆನಪಿತ್ತು. ಆಮೇಲೆ ತಡೆಯಲಾರದೆ ಅಂದಳು, "ನಮ್ಮನಿಗೆ ಬಂದವ್ರು ಉಂಡು ಹೋಗತಾರ. ಹೂಂ ಇಲ್ಲಾ ಊಹೂಂ, ಒಂದ ಮಾತ ಹೇಳಿ ಕಳಸೂದಿಲ್ಲ."

ಹುಟ್ಟು ನಿಂತಿತು.

"ಹೇಳಿ ಹೋದವ್ರಿಗೆ ನೀವರ ಉತ್ತರ ಕೊಟ್ಟೀರೇನ್ರಿ?" ಕಾಂತೇಶ ಮೆಲ್ಲಗೆ ಕೇಳಿದ.

ಏನು ಹೇಳಿದ್ದ ಇವನು? ಅವತ್ತು ಬಾಯಿ ತೆರೆದದ್ದೇ ತಿನ್ನಲು. ಸಂಘಮಿತ್ರಾಳಿಗೆ ಮೈ ಉರಿಯಿತು. ನಡುಗಡ್ಡೆ ಮುಟ್ಟುವವರೆಗೆ ಅಳತೆಯ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತಳು.

ಹುಡೇವಿನ ಕೆಳಗಿನ ಕೋಣೆಯಲ್ಲಿ ಕಾಂತೇಶನ ಅಜ್ಜಿ ಶೆಟ್ಟೆವ್ವ ಒಲೆ ಹೂಡಿಕೊಂಡು ಕೂತಿದ್ದಳು. ಎಂಬತ್ತರ ಹತ್ತಿರದ ಜೀವ, ಕಣ್ಣಿಗೆ ಪೊರೆ, ಆದರೂ ಸರದಿಯ ವಾರ ಹುಡೇವು ಬಿಟ್ಟು ಕದಲುವವಳಲ್ಲ.

"ಬಾ ಯವ್ವಾ, ಕುಂದರು. ದೂರಿಂದ ಬಂದಿ," ಎಂದು ಕೈ ತಡವಿ ಹತ್ತಿರ ಕೂರಿಸಿಕೊಂಡಳು. ಆ ಒರಟು ಅಂಗೈ ಬೆಚ್ಚಗಿತ್ತು.

ಅಳತೆಯ ಕೆಲಸಕ್ಕೆ ಇಬ್ಬರು ಬೇಕು. ಟೇಪಿನ ಒಂದು ತುದಿ ಸಂಘಮಿತ್ರಾಳ ಕೈಯಲ್ಲಿ, ಇನ್ನೊಂದು ಕಾಂತೇಶನ ಕೈಯಲ್ಲಿ. ಗೋಪುರ ದುಂಡಗೆ, ಒಳಗೆ ಸುತ್ತಿಕೊಂಡು ಏರುವ ಮೆಟ್ಟಿಲು. ಅವನು ಸುತ್ತಿ ಮರೆಯಾಗುತ್ತಿದ್ದ, ಟೇಪು ಮಾತ್ರ ಅವಳ ಬೆರಳಿಗೆ ಅವನ ಚಲನೆಯನ್ನು ಹೇಳುತ್ತಿತ್ತು. ಜಗ್ಗಿದರೆ ಸಡಿಲ ಬಿಡುತ್ತಿದ್ದ, ಸಡಿಲವಾದರೆ ಜಗ್ಗುತ್ತಿದ್ದ.

"ಎಷ್ಟರೀ?"

"ಹನ್ನೊಂದ ಫೂಟು ನಾಕ ಇಂಚು."

ಬಗ್ಗಿ ಬರೆದುಕೊಂಡು ತಲೆ ಎತ್ತಿದರೆ, ಕಿಂಡಿಯ ಬೆಳಕಿನಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಾನೆ. ಸಿಕ್ಕಿಬಿದ್ದವನಂತೆ ಕಣ್ಣು ತಿರುಗಿಸಿ ಗೋಡೆಯ ಕಲ್ಲನ್ನು ಎಣಿಸತೊಡಗಿದ. ಸಂಘಮಿತ್ರಾ ಪುಸ್ತಕ ನೋಡಿಕೊಂಡಳು. ಹನ್ನೊಂದು ಇಂಚು ನಾಲ್ಕು ಫೂಟು ಎಂದು ಬರೆದಿದ್ದಳು.

"ಈ ಸುತ್ತು ಇನ್ನೊಮ್ಮೆ ಅಳೀಬೇಕ್ರಿ."

"ಈಗ ಅಳದೇವಲ್ರಿ ಮೇಡಂ."

"ಇನ್ನೊಮ್ಮೆ ಅಂದ್ನೆಲ್ರಿ."

ಅವನು ನಕ್ಕ. ಅವಳು ನಗಲಿಲ್ಲ, ಆದರೆ ನಗದಿರಲು ಬಹಳ ಕಷ್ಟಪಟ್ಟಳು. ಮೂರು ವರ್ಷ ಬೈದುಕೊಂಡ ಮನುಷ್ಯ ಇಷ್ಟು ಚೆಂದ ನಗುವುದು ನ್ಯಾಯವಲ್ಲ ಎನಿಸಿತು.

ಹೊತ್ತು ಮುಳುಗುವ ಮುಂಚೆ ಕೆಳಗೆ ಬಂದಾಗ ಶೆಟ್ಟೆವ್ವ ರೊಟ್ಟಿ ಬಡಿಯುತ್ತ ಮೊಮ್ಮಗನಿಗೆ ಹೇಳಿದಳು, "ನಾಡದು ಐತಾರ ನೇಸರಗಿಗೆ ಹೋಗೂದೈತಿ, ನೆನಪೈತಿಲ್ಲೋ? ಹೆಣ್ಣಿನವ್ರು ಮುಂಜಾನೇನ ಬರ್ರಿ ಅಂದಾರ. ಈ ಸಲಾರ ಸುಸೂತ್ರ ಆಗಲಿ."

"ಹೂಂ," ಎಂದ ಕಾಂತೇಶ, ತಗ್ಗಿದ ದನಿಯಲ್ಲಿ.

ಸಂಘಮಿತ್ರಾಳ ಎದೆಯಲ್ಲಿ ಚುರ್ರೆಂದಿತು. ಅವಳಿಗೆ ಅವನ ಮೇಲೆ ಸಿಟ್ಟಿತ್ತು, ನಿಜ. ಆದರೆ ಅವನು ಇನ್ನೊಂದು ಮನೆಯಲ್ಲಿ, ಇನ್ನೊಬ್ಬಳು ಕೊಟ್ಟ ತಾಟು ಹಿಡಿದು ಕೂರುವುದನ್ನು ನೆನೆದರೆ ಸಿಟ್ಟಲ್ಲ, ಅಳು ಬಂತು. ಅಯ್ಯ, ಹಾಗಾದರೆ ಇಷ್ಟು ದಿನ ಸಿಟ್ಟು ಎಂದುಕೊಂಡದ್ದು ಇದೇ ಏನು? ಇಲ್ಲಿ ಒಂದು ರಾತ್ರಿ ಕಳೆಯುವುದು ತನ್ನಿಂದಾಗದು ಎನಿಸಿತು.

"ಅಳತಿ ಮುಗೀತ್ರಿ. ನಾ ಇವತ್ತ ಹೋಗಿಬಿಡತೇನಿ," ಎಂದಳು.

ಕಾಂತೇಶ ಯಾಕೆ ಎಂದು ಕೇಳಲಿಲ್ಲ. ಗೂಡಿನಿಂದ ಎರಡನೇ ಕಂದೀಲು ತೆಗೆದು, ಗಾಜು ಒರೆಸಿ, ಎಣ್ಣೆ ತುಂಬಿ, ಬತ್ತಿಯನ್ನು ಕತ್ತರಿಯಿಂದ ಸಮ ಮಾಡಿ ಕೆಳಗಿನ ಕಿಂಡಿಯಲ್ಲಿ ಇಟ್ಟ. ಎಷ್ಟು ಜತನದಿಂದ ಮಾಡಿದನೆಂದರೆ, ಅವಳು ಹೋಗುವುದು ಅವನಿಗೆ ಬೇಕಾಗಿದೆಯೇನೋ ಅನ್ನಬೇಕು. ಆದರೂ ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿದ. ಕಡ್ಡಿಪೆಟ್ಟಿಗೆಯನ್ನು ಅವಳ ಅಂಗೈಯಲ್ಲಿಟ್ಟ.

"ಹಚ್ಚೂದು ನಿಮಗ ಬಿಟ್ಟದ್ರಿ," ಎಂದು, ನೆತ್ತಿಯ ದೀಪ ಹಚ್ಚಲು ಮೆಟ್ಟಿಲು ಹತ್ತಿ ಹೋದ.

ಸಂಘಮಿತ್ರಾ ಕಡ್ಡಿ ತೆಗೆದಳು. ಆಗ ಒಲೆಯ ಮುಂದಿನಿಂದ ಶೆಟ್ಟೆವ್ವ ಕೇಳಿದಳು, "ನಿಮ್ಮೂರ ಯಾವುದಬೇ ಯವ್ವಾ?"

"ರಾಮದುರ್ಗ ರೀ ಅಜ್ಜಿ."

"ರಾಮದುರ್ಗ..." ಮುದುಕಿ ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕಿದಳು. "ನಮ್ಮ ಹುಡುಗ ಅಲ್ಲೆ ಒಂದ ಹುಡುಗಿನ್ನ ಮೆಚ್ಚಿದ್ದ. ಮನಸ್ಪೂರ್ತಿ ಮೆಚ್ಚಿದ್ದ."

ಕಡ್ಡಿ ಬೆರಳಲ್ಲೇ ನಿಂತಿತು. "ಮೆಚ್ಚಿದ್ರ ಹೇಳಬೇಕಿತ್ತಲ್ರಿ ಮತ್ತ?"

"ಹೇಳಿ ಬಂದಿದ್ದಲ್ಲಬೇ. ಎರಡ ಸಲ ಸಿಹಿ ಹಾಕಿಸಿಕೊಂಡು ಉಂಡ. ನಮ್ಮ ಊರಾಗ ಹುಡುಗ ಹೆಣ್ಣಿನ ಮುಂದ ಬಾಯಿಬಿಟ್ಟು ಒಪ್ಪಿಗಿ ಅಂತ ಹೇಳೂದು ಚೊಲೋ ಅಲ್ಲ ನೋಡು. ಒಂದ ಸಲ ಉಂಡ್ರ ಮರ್ಯಾದಿಗೆ, ಎರಡನೇ ಸಲ ತಾಟ ಚಾಚಿದ್ರ ಒಪ್ಪಿಗಿ. ಆಮ್ಯಾಲೆ ಹೆಣ್ಣಿನವ್ರು ಮನಿ ನೋಡಾಕ ಬರಬೇಕು. ಅವ್ರು ಬರಲಿಲ್ಲ. ಕಾಂತ್ಯಾನ ಅಪ್ಪ ಬಾಗಲಕ ಹೊಸಾ ಬಣ್ಣ ಹೊಡಿಸಿ ಮೂರ ತಿಂಗಳ ಹಾದಿ ಕಾದ." ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತ ಅಂದಳು, "ಸಣ್ಣಾಂವ ಇದ್ದಾಗಿಂದ ಈ ಹುಡುಗ ಸಿಹಿ ಮುಟ್ಟಂಗಿಲ್ಲ. ಸಿಹಿ ಕಂಡ್ರ ವಾಂತಿ ಬರತೈತಿ ಅಂತಾನ. ಅವತ್ತ ಎರಡ ತಾಟ ಉಂಡು, ಬಸ್ಸಿನ್ಯಾಗ ಹೊಟ್ಟಿ ಹಿಡಕೊಂಡು ಬಂದ. ನಕ್ಕೋತ ಬಂದ."

ಸಂಘಮಿತ್ರಾಳಿಗೆ ಅವತ್ತು ಅವನು ಹೋದ ಮೇಲೆ ತಮ್ಮ ಮನೆಯಲ್ಲಿ ನಡೆದದ್ದು ಕಣ್ಣ ಮುಂದೆ ಬಂತು. ಅವ್ವ ಯಶೋಧಾ ಖಾಲಿ ಪಾತೇಲಿ ತೋರಿಸಿ, "ಹೊಟ್ಟಿಬಾಕ ಅದಾನ ಬಿಡ್ರಿ," ಎಂದು ನಕ್ಕಿದ್ದಳು. ರಾಮದುರ್ಗದ ಕಡೆ ಗಂಡಿನವರು ಹೇಳಿ ಕಳಿಸಬೇಕು. ಅವರು ಹೇಳಿ ಕಳಿಸಲಿಲ್ಲವೆಂದು ಇವರು ಸುಮ್ಮನಾದರು, ಇವರು ಮನೆ ನೋಡಲು ಬರಲಿಲ್ಲವೆಂದು ಅವರು ಸುಮ್ಮನಾದರು. ಎರಡೂ ಮನೆಯಲ್ಲಿ ಫೋನಿತ್ತು. ಮೊದಲು ಒತ್ತುವ ಬೆರಳಿರಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದಿದ್ದರೂ ಹೋಗುತ್ತದೆ, ಮೂರು ವರ್ಷ ಹೋಗುತ್ತದೆ.

ಅವನು ಹೇಳಿದ್ದ. ಅದೂ ಎರಡು ಸಲ ಹೇಳಿದ್ದ. ಮೆಲ್ಲಗೆ, ಸಂಕಟಪಟ್ಟುಕೊಂಡು, ಅವಳ ಕೈಯಿಂದಲೇ ಬಡಿಸಿಕೊಂಡು ಹೇಳಿದ್ದ. ಅದನ್ನು ನೆನೆದು ಅವಳ ಕಣ್ಣು ತುಂಬಿದವು. ಕಡ್ಡಿಯನ್ನು ಪೆಟ್ಟಿಗೆಗೆ ತಿರುಗಿ ಹಾಕಿದಳು.

ಕಾಂತೇಶ ಕೆಳಗಿಳಿದು ಬಂದಾಗ ಮೊದಲು ನೋಡಿದ್ದು ಕಿಂಡಿಯನ್ನು. ಅಲ್ಲಿ ಕತ್ತಲಿತ್ತು.

"ಹಚ್ಚಲಿಲ್ರಿ?"

"ಕಡ್ಡಿ ತಂಪ ಹಿಡದಾವ್ರಿ."

ಅವನು ಪೆಟ್ಟಿಗೆ ತೆಗೆದುಕೊಂಡು ನೋಡಿದ. ಕಡ್ಡಿ ಒಣಗಿಯೇ ಇದ್ದವು. ಅದನ್ನು ಕಿಸೆಗೆ ಹಾಕಿಕೊಂಡ.

ಆ ರಾತ್ರಿ ಅವನು ನೆತ್ತಿಯಲ್ಲಿ ದೀಪದ ಕಾವಲಿಗೆ, ಅವಳು ಕೆಳಗೆ ಅಜ್ಜಿಯ ಕೌದಿಯಲ್ಲಿ. ಬೆಳಕು ನೀರಿನ ಮೇಲೆ ಎಲ್ಲಿವರೆಗೆ ಬೀಳುತ್ತದೆ ಎಂದು ನೋಡಿ ಬರೆಯಬೇಕಿತ್ತು. ಬರೆದಳು: ದಂಡೆಯವರೆಗೂ ಬೀಳುತ್ತದೆ. ಉಳಿದ ಹೊತ್ತೆಲ್ಲ ಒಂದೇ ಯೋಚನೆ. ಅವನ ಒಪ್ಪಿಗೆ ಮೂರು ವರ್ಷ ಹಳೆಯದು. ಈಗಲೂ ಅದು ಉಳಿದಿದೆಯೋ? ಕೇಳಿದರೆ ಇಲ್ಲ ಎಂದುಬಿಟ್ಟರೆ? ಐತಾರಕ್ಕೆ ಉಳಿದದ್ದು ಒಂದೇ ದಿನ.

ಬೆಳಗಾಯಿತು. ಹಿನ್ನೀರಿನ ಮೇಲೆ ಮಂಜಿತ್ತು, ದೂರದಲ್ಲಿ ದುರ್ಗಪ್ಪನ ದೋಣಿ ಹೊರಡುವ ಸಪ್ಪಳ. ಶೆಟ್ಟೆವ್ವ ಬೆಲ್ಲದ ಸಜ್ಜಕ ಮಾಡಿದ್ದಳು. ಹುಡೇವಿನಲ್ಲಿ ರಾತ್ರಿ ಉಳಿದ ಹೊಸಬರನ್ನು ಬಾಯಿ ಸಿಹಿ ಮಾಡದೆ ಕಳಿಸುವುದಿಲ್ಲವಂತೆ. ದೀಪ ಆರಿಸಿ ಇಳಿದು ಬಂದ ಕಾಂತೇಶ, ಎಂದಿನಂತೆ ರೊಟ್ಟಿ ಚಟ್ನಿ ಹಾಕಿಕೊಂಡು ಗೋಡೆಗೆ ಒರಗಿ ಕೂತ. ಅವನ ಕಣ್ಣೂ ನಿದ್ದೆಯಿಲ್ಲದೆ ಕೆಂಪಾಗಿದ್ದವು.

ಸಂಘಮಿತ್ರಾ ತನ್ನ ತಾಟಿನ ಸಜ್ಜಕವನ್ನು ನಿಧಾನವಾಗಿ, ಒಂದು ಅಗುಳೂ ಬಿಡದೆ ತಿಂದಳು. ಆಮೇಲೆ ತಾಟು ಮುಂದೆ ಚಾಚಿದಳು.

"ಅಜ್ಜಿ, ಇನ್ನೊಂದ ಸಲ ಹಾಕ್ರಿ."

ಕಾಂತೇಶನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಹಸಿವಿ ಆಗೈತೇನಬೇ ಅಷ್ಟು?" ಶೆಟ್ಟೆವ್ವ ಕೇಳಿದಳು.

"ಇಲ್ರಿ ಅಜ್ಜಿ. ಹೊಟ್ಟಿ ತುಂಬೇತಿ."

ಒಲೆಯಲ್ಲಿ ಕಟ್ಟಿಗೆ ಚಿಟಪಟ ಅಂದಿತು.

"ಮೇಡಂ," ಕಾಂತೇಶ ತುತ್ತನ್ನು ತಾಟಿಗೆ ಇಳಿಸಿದ, "ನಮ್ಮ ಊರಾಗ ಹಂಗಂದ್ರ ಏನಂತ..."

"ಗೊತ್ತೈತ್ರಿ. ನಿನ್ನೆ ಗೊತ್ತಾತು. ಮೂರು ವರ್ಷ ತಡಾ ಆತು, ತಪ್ಪ ನಮ್ಮದೂ ಐತಿ." ಅವಳು ಈ ಸಲ ತಲೆ ತಗ್ಗಿಸಲಿಲ್ಲ. "ನಿಮಗ ಇನ್ನೂ ಮನಸ್ಸಿದ್ರ, ಇವತ್ತ ನಿಮ್ಮ ಮನಿ ನೋಡಾಕ ಬರತೇನಿ. ಅವ್ವಗೂ ಬಾ ಅಂತ ಫೋನ್ ಮಾಡತೇನಿ."

"ಬಾಗಲದ ಬಣ್ಣ ಎಲ್ಲಾ ಹೋಗೇತ್ರಿ," ಎಂದ ಕಾಂತೇಶ. ಏನು ಹೇಳಬೇಕೋ ತಿಳಿಯದೆ ಅಷ್ಟೇ ಹೇಳಿದ.

"ಹೋಗಲಿ ಬಿಡ್ರಿ. ನಾ ಬಣ್ಣ ನೋಡಾಕ ಬರಾಕತ್ತಿಲ್ಲ."

ಶೆಟ್ಟೆವ್ವ ಸೌಟು ಹಿಡಿದು ತನ್ನಷ್ಟಕ್ಕೆ ನಗುತ್ತಿದ್ದಳು. "ನೇಸರಗಿಯವ್ರಿಗೆ ನಾನ ಹೇಳಿ ಕಳಸತೇನಿ," ಎಂದಳು. "ನಿನ್ನೆ ಇವಾ ಮೇಡಂ ಅಂದಾಗಿನ ದನಿಗೇ ತಿಳೀತು ನನಗ. ಪೊರಿ ಬಂದದ್ದು ಕಣ್ಣಿಗೆ, ಕಿವಿಗಲ್ಲ."

ಅವಳ ತಾಟಿಗೆ ಎರಡನೇ ಸಲದ ಸಜ್ಜಕ ಬಿತ್ತು. ಅದರ ಪಕ್ಕಕ್ಕೆ ಇನ್ನೊಂದು ತಾಟು ಮೆಲ್ಲಗೆ ಬಂದು ನಿಂತಿತು. ರೊಟ್ಟಿಯನ್ನು ಬದಿಗಿಟ್ಟು ಖಾಲಿ ಮಾಡಿದ ಕಾಂತೇಶನ ತಾಟು.

"ಬ್ಯಾಡ್ರಿ," ಸಂಘಮಿತ್ರಾ ನಡುವೆ ಕೈ ಅಡ್ಡ ಹಿಡಿದಳು. ಅವಳ ಕಣ್ಣಲ್ಲಿ ನೀರಿತ್ತು, ನಗುವೂ ಇತ್ತು. "ನಿಮಗ ಆಗಿಬರೂದಿಲ್ಲ. ಬಾಯಿಲೆ ಹೇಳ್ರಿ, ಸಾಕು."

ಕಾಂತೇಶ ಅವಳ ಮುಖವನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ, ಮಡ್ಡಿಹಾಳದ ಯಾವ ಗಂಡಸೂ ಹೆಣ್ಣಿನ ಮುಂದೆ ಬಾಯಿಬಿಟ್ಟು ಆಡದ ಮಾತನ್ನು ಆಡಿದ.

"ಒಪ್ಪಿಗಿ ಐತ್ರಿ. ಅವತ್ತಿಂದ ಐತ್ರಿ."