ಹತ್ತು ಹೆಜ್ಜೆ ಹಿಂದೆ

“ಷರ್ಲೀನ್, ನಾನು ಯಾವತ್ತೂ ನಿನ್ನನ್ನ ದಾಟಿ ಓಡಲ್ಲ.”

ಎಮರ್ಸನ್ ಬಿಟ್ಸುಯಿ ಈ ಮಾತು ಕೊಟ್ಟು ಹದಿನಾರು ವರ್ಷವಾಗಿತ್ತು. ಆಗ ಅವನಿಗೆ ಹದಿಮೂರು, ಅವಳಿಗೆ ಹನ್ನೆರಡು.

ಅಮೆರಿಕದ ಮೂಲನಿವಾಸಿಗಳಾದ ನಮ್ಮ ನವಾಹೊ ಜನರಲ್ಲಿ ಹುಡುಗಿ ದೊಡ್ಡವಳಾದರೆ ನಾಲ್ಕು ದಿನ ನಸುಕಿನಲ್ಲಿ ಮೂಡಣ ದಿಕ್ಕಿಗೆ ಓಡುತ್ತಾಳೆ. ನೆಂಟರಿಷ್ಟರು ಕೂಗು ಹಾಕುತ್ತ ಹಿಂದೆ ಓಡುತ್ತಾರೆ. ಯಾರೂ ಅವಳನ್ನು ದಾಟುವಂತಿಲ್ಲ. ದಾಟಿದವರಿಗೆ ಅವಳಿಗಿಂತ ಮೊದಲೇ ಮುಪ್ಪು ಬರುತ್ತದಂತೆ. ಪಕ್ಕದ ಹೊಲದ ಎಮರ್ಸನ್ ನಾಲ್ಕೂ ದಿನ ಓಡಿದ್ದ. ಕೊನೆಯ ದಿನ ಮೊಣಕಾಲಿಗೆ ಕೈಯೂರಿ, ಏದುಸಿರಿನಲ್ಲೇ ಮಾತು ಕೊಟ್ಟಿದ್ದ.

ಕೊಟ್ಟವನಿಗೆ ನೆನಪಿತ್ತು. ಕೇಳಿಸಿಕೊಂಡವಳು ಮರೆತಿದ್ದಳು!

ಈಗ ಷರ್ಲೀನ್ ಅಟಕಾಯ್ ಚಿನ್ಲಿ ಊರಿನ ಶಾಲೆಯಲ್ಲಿ ಮಕ್ಕಳಿಗೆ ಓಟ ಕಲಿಸುತ್ತಾಳೆ. ಊರ ಪಕ್ಕದ ಕಣಿವೆಯೊಳಗೆ ಐವತ್ತು ಕಿಲೋಮೀಟರಿನ ಓಟ ಏರ್ಪಡಿಸಬೇಕು ಎಂಬುದೊಂದೇ ಅವಳ ಹಂಬಲ. ಆದರೆ ಕೆಂಪು ಬಂಡೆಗಳ ನಡುವಿನ ಆ ಮರಳುದಾರಿ ಹದಿನಾಲ್ಕು ಮನೆತನಗಳ ಮೆಕ್ಕೆಜೋಳದ ಹೊಲ, ಪೀಚ್ ತೋಪು, ಕುರಿದೊಡ್ಡಿಗಳನ್ನು ಹಾಯ್ದು ಹೋಗುತ್ತದೆ. ಆ ಮನೆಗಳಲ್ಲಿ ಅಜ್ಜಿಯ ಮಾತೇ ಕೊನೆ; ಒಬ್ಬ ಅಜ್ಜಿ ಬೇಡ ಎಂದರೂ ಓಟವಿಲ್ಲ.

ಪ್ರವಾಸಿಗರಿಗೆ ಕಣಿವೆ ತೋರಿಸುವ ಕೆಲಸದ ಎಮರ್ಸನ್ ಬೇಸಿಗೆಯಿಡೀ ಅವಳೊಂದಿಗೆ ಮನೆ ಮನೆ ತಿರುಗಿದ. ಹೋದ ಕೂಡಲೇ ವಿಷಯ ಎತ್ತುತ್ತಿರಲಿಲ್ಲ. ಕಾಫಿ ಕುಡಿಯುವನು, ಮುರಿದ ಬೇಲಿ ಕಂಡರೆ ಕಟ್ಟಿಕೊಡುವನು, ಕುಂಟುವ ಕುರಿಯ ಕಾಲು ನೋಡುವನು. ಆಮೇಲಷ್ಟೇ, ಎದ್ದು ಹೊರಡುವಾಗ, “ಒಂದು ಕೇಳೋದಿತ್ತು...” ಎನ್ನುವನು.

‘ಇವನಿಗೆ ಪ್ರತಿ ಮನೆಯ ನಾಯಿಯ ಹೆಸರೂ ಗೊತ್ತಲ್ಲ!’ ಷರ್ಲೀನ್ ಬೆರಗಾಗುತ್ತಿದ್ದಳು. ಬೆರಗು ಯಾವಾಗ ಬೇರೇನೋ ಆಯಿತೋ ಅವಳಿಗೇ ತಿಳಿಯಲಿಲ್ಲ.

ಇಬ್ಬರೂ ದಾರಿ ಅಳೆಯಲು ಓಡುವಾಗ ಮಾತ್ರ ಅವನು ಯಾವಾಗಲೂ ಹತ್ತು ಹೆಜ್ಜೆ ಹಿಂದೆ. ಪಾಪ, ದಮ್ಮಿಲ್ಲ ಅಂದುಕೊಂಡಿದ್ದಳು.

ಹದಿಮೂರು ಮನೆ ಒಪ್ಪಿದವು. ಉಳಿದದ್ದು ಷರ್ಲೀನಳ ಸ್ವಂತ ಅಜ್ಜಿ!

“ಎಲ್ಲರಿಗಿಂತ ಮುಂದೆ ಓಡೋನು ನನ್ನ ದೊಡ್ಡಿ ಹತ್ರ ಎಷ್ಟೊತ್ತಿಗೆ ಬರ್ತಾನೆ?” ಅಜ್ಜಿ ಬಿಸಿ ರೊಟ್ಟಿ ಮುಂದಿಡುತ್ತ ಕೇಳಿದಳು. “ಅಷ್ಟರೊಳಗೆ ಕುರಿ ದಾಟಿಸ್ಬೇಕು ನಾನು. ಸರಿಯಾಗಿ ಹೇಳು, ಒಪ್ತೀನಿ. ತಪ್ಪು ಹೇಳಿದ್ರೆ ಓಟಾನೂ ಇಲ್ಲ, ಏನೂ ಇಲ್ಲ.”

“ಐದೂವರೆಗೆ ಹೊರಟ್ರೆ ಎಂಟೂವರೆಗೆ, ಅಜ್ಜಿ. ನಾವಿಬ್ರೂ ಓಡಿ ನೋಡಿದೀವಿ.”

ಅಜ್ಜಿ ಕಿಸಕ್ಕನೆ ನಕ್ಕು, ತುಟಿ ಚಾಚಿ ಎಮರ್ಸನ್ ಕಡೆ ತೋರಿಸಿದಳು.

“ಮೊನ್ನೆ ಇವನೊಬ್ನೇ ಓಡಿ ಬಂದಾಗ ದೊಡ್ಡಿಗೆ ಬಿಸಿಲೇ ಇಳಿದಿರ್ಲಿಲ್ಲ. ಅದು ಎಂಟೂವರೆನಾ?”

ಷರ್ಲೀನಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

“ಹೌದೇನೋ?”

ಅವನು ಕಾಫಿ ಲೋಟದೊಳಗೇ ನೋಡುತ್ತ ಕುಳಿತ. “ಹ್ಞೂಂ... ಗಡಿಯಾರ ನೋಡಿರ್ಲಿಲ್ಲ.”

ಅವಳು ದಡಕ್ಕನೆದ್ದು ಹೊರಗೆ ನಡೆದಳು. ಅವನು ಹಿಂದೆಯೇ ಬಂದ. ಆಗಲೂ ಹತ್ತು ಹೆಜ್ಜೆ ಹಿಂದೆ!

“ನಾಲ್ಕು ತಿಂಗಳು ನನ್ನ ನೋಡಿ ಅಯ್ಯೋ ಪಾಪ ಅಂದ್ಕೊಂಡು ನಿಧಾನಕ್ಕೆ ಓಡಿದ್ಯಾ?” ಅವಳು ತಿರುಗಿ ನಿಂತಳು. “ನಾನು ಬರೆದಿಟ್ಟ ಹೊತ್ತೆಲ್ಲ ತಪ್ಪು! ಕುರಿ ಮಂದೆ ಮೇಲೆ ಯಾರಾದ್ರೂ ನುಗ್ಗಿದ್ರೆ ಈ ಅಜ್ಜಿಯಂದಿರ ಮುಂದೆ ಯಾವ ಮುಖ ಹೊತ್ಕೊಂಡು ನಿಲ್ಲಲಿ?”

“ಪಾಪ ಅಂತ ಅಲ್ಲ ಷರ್ಲೀನ್...”

“ಮತ್ತೇನು?”

“ಮಾತು ಕೊಟ್ಟಿದ್ದೆ. ದಾಟಲ್ಲ ಅಂತ.”

ಅವಳಿಗೆ ತಟ್ಟನೆ ನೆನಪಾಯಿತು. ಆ ನಾಲ್ಕನೆಯ ನಸುಕು... ಉಳಿದವರೆಲ್ಲ ಅರ್ಧ ದಾರಿಗೇ ನಿಂತಿದ್ದರು. ಒಬ್ಬ ಸಣಕಲ ಹುಡುಗ ಮಾತ್ರ ಅವಳು ತಿರುಗುವವರೆಗೂ ಓಡಿದ್ದ!

“ಅದು ನಾಲ್ಕು ದಿನಕ್ಕೆ ಕಣೋ ದಡ್ಡ! ಜನ್ಮಕ್ಕೆಲ್ಲ ಅಲ್ಲ!”

“ನಾನು ದಿನ ಎಣಿಸಿ ಕೊಟ್ಟಿರ್ಲಿಲ್ಲ.”

“ಅಂದ್ರೆ... ಶಾಲೇಲಿ ಓಟದ ತಂಡ ಬಿಟ್ಟಿದ್ದೂ ಅದಕ್ಕೇನಾ?”

“ಹುಡುಗ್ರು ಹುಡ್ಗೀರು ಒಟ್ಟಿಗೇ ಓಡ್ಬೇಕಿತ್ತಲ್ಲ.”

ಅವಳು ಕಾಲಿನಿಂದ ಅವನತ್ತ ಮರಳು ಚಿಮ್ಮಿದಳು.

“ನಂಗೇನೂ ನಷ್ಟ ಆಗ್ಲಿಲ್ಲ,” ಎಂದ ಮೆಲ್ಲಗೆ. “ಹಿಂದೆ ಇದ್ರೆ ನೀನು ಓಡೋದು ಕಾಣುತ್ತೆ. ನಂಗಿರೋದು ಬರೀ ಬಲ. ಗಟ್ಟಿ ಮರಳು ಎಲ್ಲಿದೆ ಅಂತ ನಿನ್ನ ಕಾಲಿಗೇ ಗೊತ್ತು. ನಿನ್ನ ಹೆಜ್ಜೆ ಮೇಲೆ ಹೆಜ್ಜೆ ಇಟ್ಟೇ ನಾನು ಈ ಕಣಿವೇಲಿ ಓಡೋದು ಕಲ್ತಿದ್ದು.”

ಬಾಗಿಲಿನಿಂದ ಅಜ್ಜಿಯ ದನಿ ಬಂತು. “ಇವನ ಕುಲ ವಿಚಾರಿಸಿದೀನಿ! ನಮ್ಮದೂ ಅಲ್ಲ, ನಿಮ್ಮಪ್ಪಂದೂ ಅಲ್ಲ, ಮದುವೆಗೆ ಅಡ್ಡಿಯಿಲ್ಲ. ನಾಳೆ ಓಡಿ ತೋರ್ಸಿ, ಹೊತ್ತು ನಾನೇ ನೋಡ್ತೀನಿ. ಈಗ ದಾರಿ ಬಿಡಿ, ಕುರಿ ಬರ್ತಿದಾವೆ!”

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಐದೂವರೆಗೆ ಇಬ್ಬರೂ ಕಣಿವೆಯ ಬಾಯಲ್ಲಿ ನಿಂತಿದ್ದರು.

“ನೀನು ಇಲ್ಲೇ ಇರು. ಒಬ್ನೇ ಓಡ್ತೀನಿ,” ಎಂದ ಎಮರ್ಸನ್. “ಅಜ್ಜಿಗೆ ಹೊತ್ತೂ ಸಿಗುತ್ತೆ, ಮಾತೂ ಉಳಿಯುತ್ತೆ.”

“ಬೇಡ. ಇಷ್ಟು ವರ್ಷ ನೀನು ನನ್ನ ಓಟ ನೋಡಿದ್ಯಲ್ಲ. ಒಂದ್ಸಲನಾದ್ರೂ ನಿನ್ನ ಓಟ ನಾನು ನೋಡ್ಬೇಡ್ವಾ?”

ಅವಳು ಓಡತೊಡಗಿದಳು. ಹಿಂದೆ ಅವನ ಹೆಜ್ಜೆ ಸದ್ದು... ಅದೇ ಹತ್ತು ಹೆಜ್ಜೆ.

“ದಾಟೋ!”

“ದಾಟಿದ್ರೆ ನಿನಗಿಂತ ಮೊದ್ಲು ಮುದುಕ ಆಗ್ತೀನಿ!”

“ಆಗು!”

“ಹಲ್ಲೆಲ್ಲ ಉದುರುತ್ತೆ!”

“ಕುರಿಮಾಂಸ ಮೆತ್ತಗೆ ಬೇಯಿಸಿ ಕೊಡ್ತೀನಿ!”

ಹಿಂದಿನ ಹೆಜ್ಜೆಗಳು ಒಂದು ಕ್ಷಣ ತಪ್ಪಿದವು.

“ಎಲ್ಲೀವರೆಗೆ... ಷರ್ಲೀನ್?”

“ನಾನೂ ಮುದುಕಿ ಆಗೋವರೆಗೆ. ಆಮೇಲೆ ಇಬ್ರಿಗೂ ನೀನೇ ಬೇಯಿಸು!”

ಅವನು ಪಕ್ಕಕ್ಕೆ ಬಂದ. ಅವಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ. ಆಮೇಲೆ ಓಡಿದ ನೋಡಿ! ಷರ್ಲೀನ್ ಓಡುವುದನ್ನೇ ಮರೆತು ನಿಂತುಬಿಟ್ಟಳು. ಅಷ್ಟು ಚಂದದ ಓಟವನ್ನು ಅವಳು ಯಾರಲ್ಲೂ ಕಂಡಿರಲಿಲ್ಲ.

ಏಳೂ ಮುಕ್ಕಾಲಿಗೆ ಅವನು ದೊಡ್ಡಿ ಮುಟ್ಟಿದ. ಅಜ್ಜಿ ಓಟಕ್ಕೆ ಒಪ್ಪಿದಳು.

ಎಮರ್ಸನ್ ಕೊಟ್ಟ ಮಾತು ಮುರಿದ.