ಗೋದಾ ಹಾಡಿದ ರೀಲು

“ಎಲ್ಲಾ ಡಬ್ಬಿ ಒಯ್ಯಿರಿ. ಈ ಗೋದಾನ ರೀಲು ಮಾತ್ರ ಬ್ಯಾಡ. ಇದಕ್ಕ ಬಾಯಿ ಹಚ್ಚಿದವರ ದನಿ ಹೋಗ್ತದ, ತಮ್ಮಾ,” ಎಂದಳು ರಂಗೂಬಾಯಿ.

ಮಧುಕರ ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣ ನಕ್ಕನೆಂದು ಜೊತೆಗೆ ಬಂದಿದ್ದ ತಂಗಿ ಇಂದೂ ಕೂಡ ನಕ್ಕಳು.

ಶನಿವಾರ ಪೇಠೆಯ ಆ ವಾಡೆಯ ಅಟ್ಟದಲ್ಲಿ ಮುಚ್ಚಿಹೋದ ಮೂಕಿ ಸಿನಿಮಾ ಕಂಪನಿಯೊಂದರ ರೀಲಿನ ಡಬ್ಬಿಗಳು ಬಿದ್ದಿದ್ದವು. ರಂಗೂಬಾಯಿ ಅಲ್ಲಿ ನಟಿಯಾಗಿದ್ದವಳು. ಅವಳ ಗೆಳತಿ ಗೋದಾ ಕಂಪನಿಯ ರಾಣಿ. ಮಾತಿನ ಸಿನಿಮಾ ಬಂದಾಗ ಗೋದಾಳ ಒಡಕು ದನಿ ಕೇಳಿ ಊರೆಲ್ಲ ನಕ್ಕಿತು. ಆ ಸಿಟ್ಟಿಗೆ ಅವಳು ಮಾಟಗಾರನನ್ನು ಹಿಡಿದಳು. ತನ್ನ ರೀಲಿಗೆ ಯಾರ ಎಂಜಲು ತಾಗುತ್ತದೋ ಅವರ ದನಿ ತನಗೆ ಬರಲೆಂದು ಮಾಟ ಮಾಡಿಸಿದಳು. ದನಿ ಬರುವ ಮೊದಲೇ ಸತ್ತಳು.

“ಸತ್ತಾಕಿ ದನಿ ತಗೊಂಡು ಏನ ಮಾಡ್ತಾಳ್ರೀ?” ಎಂದ ಮಧುಕರ.

“ಹಾಡ್ತಾಳ,” ಎಂದಳು ಮುದುಕಿ.

ಮಧುಕರ ಗೋದಾಳ ರೀಲನ್ನೂ ಎತ್ತಿಕೊಂಡೇ ಬಂದ. ಯುದ್ಧದ ಕಾಲ, ಕಾಲೇಜು ಹುಡುಗನಿಗೆ ಹೊಸ ಫಿಲ್ಮು ಯಾರು ಕೊಡುತ್ತಾರೆ? ಹಳೆಯ ಮೂಕಿ ರೀಲುಗಳನ್ನು ಕತ್ತರಿಸಿ, ಬೇರೆ ಥರ ಜೋಡಿಸಿ, ಕತೆಯೇ ಇಲ್ಲದ ಸಿನಿಮಾ ಮಾಡುವ ಹುಚ್ಚು ಅವನಿಗೆ ಹಿಡಿದಿತ್ತು. ಅದಕ್ಕೆ ಇಂದೂ ಹಾಡಬೇಕು. ಹಾಡುವುದನ್ನು ಅವಳಿಗೆ ಹೇಳಿಕೊಡಬೇಕೇ! ಧಾರವಾಡದಲ್ಲಿ ತಂಬೂರಿ ಹಿಡಿದೇ ಬೆಳೆದ ಹುಡುಗಿ. ಮುಂದಿನ ವಾರ ಮುಂಬಯಿ ರೇಡಿಯೋದವರು ಅವಳ ದನಿ ಕೇಳಲು ಕರೆದಿದ್ದರು. ಮನೆಮಂದಿಯ ಜೀವವೆಲ್ಲ ಆ ಕಂಠದಲ್ಲಿತ್ತು.

ಮಧ್ಯಾಹ್ನ ಮಧುಕರನ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ ಅಣ್ಣ ತಂಗಿ ಕೆಲಸಕ್ಕೆ ಕುಳಿತರು. ಕೋಣೆಯ ತುಂಬ ಅಂಟಿನ ವಾಸನೆ, ಕೊಳೆತ ಬಾಳೆಹಣ್ಣಿನಂತೆ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಮಸಾಲೆ ಬಳಿದ ಮಗ್ಗುಲು ಯಾವುದೆಂದು ತಿಳಿಯಲು ತುದಿಯನ್ನು ತುಟಿಗೆ ಒತ್ತಿ ನೋಡಬೇಕು. ತುಟಿಗೆ ಅಂಟಿದ್ದೇ ಮಸಾಲೆ. ಆಮೇಲೆ ಅಲ್ಲಿಗೆ ನಾಲಿಗೆ ಸವರಿ, ಬ್ಲೇಡಿನಿಂದ ಕೆರೆದು, ಅಂಟು ಹಚ್ಚಬೇಕು. ಮಧುಕರ ಹೀಗೆ ಒಂದೊಂದೇ ರೀಲು ಜೋಡಿಸುತ್ತ ಬಂದ. ಗೋದಾಳ ಡಬ್ಬಿ ತೆರೆದ. ಹುಳಿ ನಾತ ಮೂಗಿಗೆ ಅಡರಿತು. ತುದಿಯನ್ನು ತುಟಿಯ ಹತ್ತಿರ ತಂದ. ಕೈ ಅಲ್ಲೇ ನಿಂತಿತು.

“ನನ್ನ ತುಟಿಗೆಲ್ಲಾ ಅಂಟು ಆಗೇದ. ಇದೊಂದು ನೀ ನೋಡು, ಇಂದೂ.”

ಎಂಥ ಅಣ್ಣ ನೋಡಿ! ಮಾಟದಲ್ಲಿ ನಂಬಿಕೆ ಇಲ್ಲವಂತೆ, ಆದರೂ ತಂಗಿಯ ಕೈಗೆ ಕೊಟ್ಟ. ಅವಳು ಹಿಂದುಮುಂದು ನೋಡದೆ ತುಟಿಗೆ ಒತ್ತಿದಳು, ನಾಲಿಗೆ ಸವರಿದಳು.

“ಥೂ, ಕಹಿ ಅದಲೋ ಅಣ್ಣಾ!” ಎಂದು ನಕ್ಕಳು.

ಮಧುಕರ ದೀಪ ಆರಿಸಿ ಸಿನಿಮಾ ತೋರಿಸುವ ಯಂತ್ರದ ಹಿಡಿಕೆ ತಿರುಗಿಸಿದ. ಕಟಕಟ ಸದ್ದಿನೊಂದಿಗೆ ಗೋಡೆಯ ಮೇಲೆ ಗೋದಾ ಮೂಡಿದಳು. “ಹಾಡು, ಇಂದೂ.” ಹಾಡು ಬಂತು. ಅದೇ ಕಂಠ, ಅದೇ ಆಲಾಪ. ಮಧುಕರನಿಗೆ ಖುಷಿಯೋ ಖುಷಿ. ಗೋದಾಳ ತುಟಿಗೂ ಹಾಡಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ!

ತಣ್ಣನೆಯ ಕೈಯೊಂದು ಅವನ ತೋಳು ಹಿಡಿಯಿತು. ಇಂದೂ. ಬಾಯಿ ತೆರೆದಿತ್ತು. ಗಂಟಲ ನರಗಳು ಉಬ್ಬಿದ್ದವು. ದನಿ ಇರಲಿಲ್ಲ. ಹಾಡು ಗೋಡೆಯಿಂದ ಬರುತ್ತಿತ್ತು.

ಹಿಡಿಕೆ ಬಿಟ್ಟ. ಯಂತ್ರ ನಿಂತಿತು. ಹಾಡು ನಿಲ್ಲಲಿಲ್ಲ. ರೀಲನ್ನು ಕಿತ್ತ. ಹಾಡು ಸುರುಳಿಯೊಳಗೆ ಮುಂದುವರಿಯಿತು. ಸುಟ್ಟರೆ ಗೋದಾ ದನಿ ಬಿಟ್ಟುಹೋಗುತ್ತಾಳೆ! ಅಂಗಳಕ್ಕೆ ಓಡಿದ. ರೀಲು ಎಸೆದ. ಕಡ್ಡಿ ಗೀರಿದ. ಇಂದೂ ಅವನ ಕೈ ಹಿಡಿದಳು. ಬೇಡವೆಂದು ತಲೆ ಅಲ್ಲಾಡಿಸಿದಳು. ಅವನು ಕೊಡವಿಕೊಂಡ. ಭಗ್ಗೆಂದಿತು.

“ಅಣ್ಣಾ! ಸುಡಬ್ಯಾಡೋ! ನಾ ಇದರಾಗ ಅದೀನೋ!”

ಬೆಂಕಿಯೊಳಗಿಂದ ಇಂದೂಳ ದನಿ. ಮಧುಕರ ಕೊಡ ಎತ್ತಿ ನೀರು ಸುರಿದ. ಮತ್ತೊಂದು ಕೊಡ ಸುರಿದ. ಫಿಲ್ಮಿನ ಬೆಂಕಿ ನೀರಿಗೆ ಆರುವಂಥದ್ದಲ್ಲ. ದನಿ ಕಿರುಚಿತು. ಕೆಮ್ಮಿತು. ಮಗುವಿನಂತೆ ಅತ್ತಿತು. ಆಮೇಲೆ ಏನೂ ಕೇಳಿಸಲಿಲ್ಲ.

“ಬೈ ನನ್ನ, ಇಂದೂ. ಏನಾರ ಅನ್ನು,” ಎಂದು ಮಧುಕರ ತಂಗಿಯ ಕಾಲು ಹಿಡಿದುಕೊಂಡ.

ಇಂದೂಳ ತುಟಿಗಳು ಅಲುಗಿದವು. ಅವನಿಗೆ ತಿಳಿಯಲೆಂದು ನಿಧಾನವಾಗಿ ಮತ್ತೊಮ್ಮೆ ಅಲುಗಿದವು. ಈ ಸಲ ಅವನಿಗೆ ಪ್ರತಿಯೊಂದು ಮಾತೂ ತಿಳಿಯಿತು.

ನೀ ಯಾಕ ಬಾಯಿ ಹಚ್ಚಲಿಲ್ಲ?