ಎಂಬತ್ತೊಂದು ಸೆಂಟಿಮೀಟರ್

ಸೆಪ್ಟೆಂಬರ್ ಹನ್ನೊಂದು, ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಟು ರೋಂಗ್‌ಜಿ, ಕುರ್ಚಿ ಎಳೆದು ಕೂರುವ ಮೊದಲೇ ದೂರು ಹೇಳಲು ಶುರು ಮಾಡಿದರು. ತೈಚುಂಗ್‌ನ ಉತ್ತರದಲ್ಲಿ ಅವರ ಕಿಚನ್ ಕಂಪನಿಯ ಬೋರ್ಡು ಕಾಣದ ರಸ್ತೆಯಿಲ್ಲ. ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಕಂಪನಿಗೆ ಈಗ ಸ್ವಂತ ಕಾರ್ಖಾನೆ, ಊರೂರಿಗೆ ಶೋರೂಮು. ಹೊಸ ಅಪಾರ್ಟ್‌ಮೆಂಟೊಂದರ ಅಷ್ಟೂ ಮನೆಗಳಿಗೆ ಅಡುಗೆಮನೆ ಕೂರಿಸುವ ಗುತ್ತಿಗೆ ಹಿಡಿದಿದ್ದರು. ಕಾರ್ಖಾನೆಯಿಂದ ಹೋದ ಕಪಾಟುಗಳಲ್ಲಿ ಒಂದಕ್ಕೂ ಬಾಗಿಲು ಹೊಂದುತ್ತಿಲ್ಲ.

"ಬೇಕಂತಲೇ ಅಳತೆ ತಿದ್ದಿದ್ದಾರೆ ಮೇಡಂ. ಇನ್ಯಾರು, ಖೋಯಿ. ಗರಗಸದ ಮಷೀನು ಅವನ ಕೈಲಿರೋದು."

ಇನ್‌ಸ್ಪೆಕ್ಟರ್ ಜಿಯಾನ್ ಯೂರು ಪೆನ್ನು ತೆಗೆದರು. "ಖೋಯಿ ಅಂದ್ರೆ?"

"ಡಾವ್ ವಾನ್ ಖೋಯಿ. ವಿಯೆಟ್ನಾಮಿನವನು. ಬೇರೆ ಕಂಪನಿಯವರು ಕೈ ಬೆಚ್ಚಗೆ ಮಾಡಿರ್ತಾರೆ. ಈ ಶುಕ್ರವಾರ ಕೆಲಸದಿಂದ ತೆಗೀತೀನಿ."

"ಇಂಥ ಕೇಸು ಹೊತ್ತವನನ್ನ ಇನ್ಯಾರೂ ಕೆಲಸಕ್ಕೆ ಇಟ್ಕೊಳ್ಳಲ್ಲ. ಅವನು ಊರಿನ ವಿಮಾನ ಹತ್ತಬೇಕಾಗತ್ತೆ."

"ಅದು ನನ್ನ ತಲೆನೋವಲ್ಲ."

ಎಫ್‌ಐಆರ್ ದಾಖಲಾಯಿತು. ಯೂರು, ಕಾನ್‌ಸ್ಟೆಬಲ್ ಫಾಂಗ್‌ನನ್ನು ಕರೆದುಕೊಂಡು ನೇರ ಅಪಾರ್ಟ್‌ಮೆಂಟಿಗೆ ಹೋದರು. ಕಾವಲುಗಾರ ಮತ್ತು ಟೈಲ್ಸ್ ಕೆಲಸದವನೊಬ್ಬ ಪಂಚರಾದರು. ಫಾಂಗ್ ಟೇಪು ಹಿಡಿದು ಅಳೆದ, ಯೂರು ಪಂಚನಾಮೆ ಬರೆದುಕೊಂಡರು. ಕೆಳಗಿನ ಕಪಾಟಿನ ಎತ್ತರ ಎಂಬತ್ತು ಸೆಂಟಿಮೀಟರ್ ಇರಬೇಕಾದಲ್ಲಿ ಎಂಬತ್ತೊಂದು. ಮೇಲೆ ಕಲ್ಲು ಹಾಸಿದರೆ ಕಿಟಕಿಯ ಚೌಕಟ್ಟಿಗೆ ತಾಗುತ್ತಿತ್ತು. ಗೋಡೆಗೆ ತೂಗುಹಾಕುವ ಕಪಾಟು ಎಪ್ಪತ್ತರ ಬದಲು ಅರವತ್ತೊಂಬತ್ತು. ಅಗಲ ಮಾತ್ರ ಮೊದಲಿನಂತೆ ಅರವತ್ತು. ನೋಡಿದ ಮನೆಗಳಲ್ಲೆಲ್ಲ ಇದೇ ಕತೆ.

"ಅಕ್ಕಾ, ಮರ ಕದಿಯೋನಾದ್ರೆ ಎಲ್ಲಾ ಗಿಡ್ಡ ಮಾಡ್ತಿದ್ದ," ಎಂದ ಫಾಂಗ್. "ಹಾಳು ಮಾಡೋನಾದ್ರೆ ಅರ್ಧಕ್ಕೇ ಕುಯ್ತಿದ್ದ. ಇವನ್ಯಾರೋ ಒಂದೊಂದು ಸೆಂಟಿಮೀಟರ್ ಆಚೆ ಈಚೆ ಮಾಡಿ ಕೈ ತೊಳ್ಕೊಂಡಿದ್ದಾನೆ. ನನ್ನ ಹೆಂಡ್ತಿ ಉಪ್ಪು ಹಾಕಿದ ಹಾಗೆ."

"ಅವಳ ಮುಂದೆ ಹೇಳು ಇದನ್ನ."

"ಹೇಳಿದ್ರೆ ಠಾಣೆಲೇ ಮಲಗ್ಬೇಕು ಅಕ್ಕಾ."

ಕಾರ್ಖಾನೆಯಲ್ಲಿ ಖೋಯಿ ಮಷೀನಿನ ಪಕ್ಕ ನಿಂತೇ ಇದ್ದ. ಹುಬ್ಬಿನ ತುಂಬ ಮರದ ಹೊಟ್ಟು.

"ಅಳತೆ ಯಾರು ಹಾಕ್ತಾರೆ?"

"ಆಫೀಸಿಂದ ಮಷೀನಿಗೆ ಬರತ್ತೆ. ನಾನು ಹಲಗೆ ಇಟ್ಟು ಗುಂಡಿ ಒತ್ತುತೀನಿ."

"ತಿದ್ದೋಕೆ ಆಗತ್ತಾ?"

"ಪಾಸ್‌ವರ್ಡ್ ಬೇಕು. ನನ್ಹತ್ರ ಇಲ್ಲ."

"ಅಳತೆ ಬದಲಾಗಿದ್ದು ಕಣ್ಣಿಗೆ ಬೀಳಲಿಲ್ವಾ?"

"ಬಿತ್ತು ಮೇಡಂ. ಆಫೀಸಿಗೆ ಹೋಗಿ ಕೇಳಿದೆ. ಮಷೀನು ಹೇಳಿದಷ್ಟು ಕುಯ್ಯಿ, ತಲೆ ಓಡಿಸಬೇಡ ಅಂದ್ರು." ಆಮೇಲೆ ಯೂರು ಕೇಳದಿದ್ದುದನ್ನೂ ಹೇಳಿದ. "ಮಗಳು ಈ ವರ್ಷ ಶಾಲೆಗೆ ಸೇರಿದಾಳೆ."

ಆಫೀಸಿನಲ್ಲಿ ಪರಿಶೀಲಿಸಿದಾಗ, ಅಲ್ಲಿಂದ ಹೋದ ಅಳತೆ ಸರಿಯಾಗಿಯೇ ಇತ್ತು. ತಿದ್ದಿದ್ದು ಮಷೀನಿನಲ್ಲೇ.

"ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು?" ಎಂದು ಯೂರು ಟು ಅವರನ್ನು ಕೇಳಿದರು.

"ನನಗೊಬ್ಬನಿಗೇ. ನಮ್ಮ ಶೆಡ್ಡಿನ ಹಳೇ ಫೋನ್ ನಂಬರು ಅದು."

"ಆ ನಂಬರು ಇನ್ಯಾರಿಗೆ ನೆನಪಿರತ್ತೆ?"

ಟು ಗೋಡೆಯ ಕಡೆ ತಿರುಗಿದರು. ಚೌಕಟ್ಟು ಹಾಕಿದ ಫೋಟೋದಲ್ಲಿ ತಗಡಿನ ಶೆಡ್ಡಿನ ಮುಂದೆ ಇಬ್ಬರು ಬನಿಯನ್ನಿನಲ್ಲಿ ನಿಂತಿದ್ದರು. "ಲಾಯ್ ಅಣ್ಣನಿಗೆ. ನನಗೆ ಉಳಿ ಹಿಡಿಯೋದು ಕಲಿಸಿದವನು. ಈಗಲೂ ಬಂದು ಕಾರ್ಖಾನೆ ಒಂದು ಸುತ್ತು ಹಾಕಿ, ಚಹಾ ಕುಡಿದು ಹೋಗ್ತಾನೆ. ಅವನನ್ನ ಬಿಡಿ ಮೇಡಂ. ಅವನ ಕೈಯಿಂದ ಕೆಟ್ಟ ಕೆಲಸ ಬರಲ್ಲ."

ವಾಪಸ್ ಬರುವಾಗ, ಸಿಗ್ನಲಿನಲ್ಲಿ ಗಾಡಿ ನಿಲ್ಲಿಸಿದ್ದ ಫಾಂಗ್ ಟೇಪನ್ನು ಎಳೆಯುವುದು, ಬಿಡುವುದು ಮಾಡುತ್ತಿದ್ದ. ಆ ಚಟಪಟ ಸದ್ದಿಗೆ ರೇಗಿ ಗದರಲು ತಿರುಗಿದ ಯೂರುವಿನ ಕಣ್ಣು ಟೇಪಿನ ಮೇಲೆ ನಿಂತಿತು.

"ಎಂಬತ್ತರ ತನಕ ಎಳಿ."

ತೈಚುಂಗ್‌ನ ಅಂಗಡಿಗಳಲ್ಲಿ ಸಿಗುವ ಟೇಪುಗಳಲ್ಲಿ ಸೆಂಟಿಮೀಟರಿನ ಕೆಳಗೆ ಇನ್ನೊಂದು ಪಟ್ಟಿಯಿರುತ್ತದೆ. ಕೆಂಪು ತುಂಡು, ಕಪ್ಪು ತುಂಡು. ಕೆಂಪು ಶುಭ, ಕಪ್ಪು ಅಶುಭ. ಹಳೇ ಬಡಗಿಗಳು ಮೊದಲು ನೋಡುವುದು ಅದನ್ನೇ. ಎಂಬತ್ತು ಕಪ್ಪಿನ ಮೇಲೆ ಬಿದ್ದಿತು. ಅಲ್ಲಿದ್ದ ಅಕ್ಷರ 'ಕೇಡು'. ಎಂಬತ್ತೊಂದು ಕೆಂಪು. ಎಪ್ಪತ್ತು ಕಪ್ಪು, ಅರವತ್ತೊಂಬತ್ತು ಕೆಂಪು. ಅರವತ್ತು ಮೊದಲಿನಿಂದಲೂ ಕೆಂಪು. ಅದನ್ನು ಯಾರೂ ಮುಟ್ಟಿರಲಿಲ್ಲ.

"ಹಾಳು ಮಾಡಿದ ಅಂತ ನಾವು ಬರ್ಕೊಂಡಿದ್ದೀವಿ," ಎಂದರು ಯೂರು. "ಲಾಯ್ ಲೆಕ್ಕದಲ್ಲಿ ಇದು ರಿಪೇರಿ. ಗಾಡಿ ತಿರುಗಿಸು."

ಟು ಹೇಳಿದ ಲಾಯ್ ಅಣ್ಣ, ಲಾಯ್ ಶುಯಿತು, ತನ್ನ ಮನೆಯ ಮುಂದೆ ಕೂತು ಎಳೆ ಬಿದಿರು ಸುಲಿಯುತ್ತಿದ್ದ. ಪೊಲೀಸರನ್ನು ಕಂಡೂ ಏಳಲಿಲ್ಲ.

"ಮಷೀನಿನ ಅಳತೆ ತಿದ್ದಿದ್ದು ನೀವಾ, ಮೇಸ್ತ್ರಿ?"

"ಹೌದು ತಾಯಿ. ಎಲ್ಲಾ ಮನೆಗೂ ಕೂರಿಸಿದ್ರಾ?" ಮುದುಕನ ದನಿಯಲ್ಲಿ ಆಸೆಯಿತ್ತು.

"ಒಂದೂ ಕೂರಲಿಲ್ಲ. ಬಾಗಿಲು ಬೇರೆ ಊರಿಂದ ಬರತ್ತೆ, ಕಲ್ಲು ಇನ್ನೊಂದು ಊರಿಂದ. ಎಲ್ಲಾ ಹಳೇ ಅಳತೆಗೇ ಬಂದಿವೆ."

ಲಾಯ್‌ನ ಚಾಕು ಬಿದಿರಿನ ಮೇಲೆ ನಿಂತಿತು. "ಆಗೆಲ್ಲ ಬಾಗಿಲೂ ನಾವೇ ಮಾಡ್ತಿದ್ವಿ. ಕಪಾಟು ಬದಲಾದ್ರೆ ಬಾಗಿಲೂ ಜೊತೆಗೇ ಬದಲಾಗ್ತಿತ್ತು. ಒಂದು ಸೆಂಟಿಮೀಟರ್ ಯಾರಿಗೆ ಗೊತ್ತಾಗತ್ತೆ ಅಂದ್ಕೊಂಡೆ."

"ಯಾಕೆ ಮಾಡಿದ್ರಿ?"

ಒಳಗೆ ದೇವರ ಮೇಜಿನ ಪಕ್ಕ ಒಬ್ಬ ಯುವತಿಯ ಫೋಟೋ ಇತ್ತು. ಅವನು ಆ ಕಡೆ ನೋಡದೆ ಮಾತಾಡಿದ.

"ಹಿಂದೆ ಕಂಪನಿಗೆ ಸಿಕ್ಕ ಮೊದಲ ದೊಡ್ಡ ಗುತ್ತಿಗೆ. ಅಲ್ಲೇ ಮಗಳು ಮನೆ ತಗೊಂಡ್ಲು. ಅವಳ ಅಡುಗೆಕಟ್ಟೆ ನಾನೇ ಕೂರಿಸಿದೆ. ಎಂಬತ್ತು. ಟೇಪು ಹಿಡಿದಾಗ ಕಪ್ಪು ಕಂಡಿತು. 'ಎಲ್ಲಾ ಮನೆಗೂ ಒಂದೇ ಅಳತೆ ಅಣ್ಣಾ, ಇಲ್ಲಾಂದ್ರೆ ಕಂಪನಿ ಬೆಳೆಯಲ್ಲ' ಅಂದಿದ್ದ ರೋಂಗ್‌ಜಿ. ಸ್ಕ್ರೂ ತಿರುಗಿಸಿದೆ. ಎರಡನೇ ವರ್ಷ ಅವಳು ಹೋದ್ಲು."

"ಕಾಯಿಲೆಯಿಂದ ಅಲ್ವಾ?"

"ಡಾಕ್ಟರೂ ಅದನ್ನೇ ಹೇಳಿದ್ರು."

"ಅಪವಾದ ಖೋಯಿ ತಲೆಗೆ ಬಂದಿದೆ. ಅವನನ್ನ ಊರಿಗೆ ಕಳಿಸ್ತಾರೆ."

ಅದು ಮುದುಕನಿಗೆ ಗೊತ್ತಿರಲಿಲ್ಲ. ಚಾಕು ಕೆಳಗಿಟ್ಟ. ಎರಡೂ ಅಂಗೈ ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ. "ನಡೀರಿ. ಅವನಿಗೂ ಮಗಳಿದಾಳೆ."

ಬಂಧನವಾಯಿತು. ಸಂಜೆ ಟು ಠಾಣೆಗೆ ಬಂದು, ಖೋಯಿ ಮೇಲೆ ಅನುಮಾನವಿಲ್ಲವೆಂದು ಹೇಳಿಕೆ ಕೊಟ್ಟು ಸಹಿ ಮಾಡಿದರು. ಮೇಜಿನ ಮೇಲೆ ಜಪ್ತಿಯ ಚೀಲದಲ್ಲಿ ಲಾಯ್‌ನ ಸವೆದ ಟೇಪು ಇತ್ತು. ಟು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಎಂಬತ್ತು ಯಾವ ಬಣ್ಣಕ್ಕೆ ಬೀಳತ್ತೆ ಅನ್ನೋದೇ ಮರೆತುಹೋಗಿದೆ ಮೇಡಂ."

"ನೀವು ಮರೆತಿಲ್ಲ," ಎಂದರು ಯೂರು.

ಟು ಲಾಕಪ್ಪಿನ ಕಡೆ ಒಮ್ಮೆ ನೋಡಿ ಹೊರಟುಹೋದರು.

ಫಾಂಗ್ ವರದಿ ಟೈಪು ಮಾಡಿಟ್ಟಿದ್ದ. ಕೃತ್ಯದ ಉದ್ದೇಶ ಎಂಬಲ್ಲಿ 'ಕಂಪನಿಗೆ ನಷ್ಟ ಉಂಟುಮಾಡುವುದು' ಎಂದಿತ್ತು. ಯೂರು ಅದನ್ನು ಹೊಡೆದುಹಾಕಿ, ಕೈಬರಹದಲ್ಲಿ ಬರೆದರು: 'ಆ ಮನೆಗಳಲ್ಲಿ ಯಾರಿಗೂ ಕೇಡಾಗದಿರಲಿ ಎಂದು.'